ಹೆಡಿಗೆ ಹೋಯಿತು, ಸಿಲಿಂಡರ್ ಬಂತು

ಅಡುಗೆಮನೆಯ ಸುರಕ್ಷತೆಯ ಬಗ್ಗೆ ಮಾತಾಡಲು ಹೇಳಿದ್ದಾರೆ. ನಾನು ಸಿಲಿಂಡರ್ ಒಂದರ ಬಗ್ಗೆಯೇ ಹೇಳುತ್ತೇನೆ.

ಊರಿನ ಬಚ್ಚಲೊಲೆಯ ಪಕ್ಕದ ಹೆಡಿಗೆ ನೆನಪಿದೆಯೇ? ತೆಂಗಿನ ಗೆರಟೆ, ಸಿಪ್ಪೆ ಎಲ್ಲ ಅದರಲ್ಲಿ. ಹೆಣಿಗೆಯ ಸಂದಿನಲ್ಲಿ ಗಾಳಿಯಾಡಿ, ಆಟಿಯ ಮಳೆಯಲ್ಲೂ ಒಣಗಿಯೇ ಇರುತ್ತಿತ್ತು. ಹೆಡಿಗೆಯನ್ನು ಬೇಕಾದ ಅಳತೆಗೆ ಹೆಣೆಸಿಕೊಳ್ಳುತ್ತಿದ್ದರು. ಸಿಲಿಂಡರನ್ನು ಮಾತ್ರ ನಾವು ಕೊಟ್ಟದ್ದನ್ನೇ ಇಳಿಸಿಕೊಳ್ಳುತ್ತೇವೆ.

ನಮ್ಮ ಮನೆಯಲ್ಲಿ ನಾವಿಬ್ಬರೂ ಬೆಳಗ್ಗೆ ಬದಲಾಪುರದ ಲೋಕಲ್ ಹಿಡಿದರೆ ಮರಳುವುದು ರಾತ್ರಿಗೆ. ಹಗಲು ಒಲೆಯ ಬಳಿ ಇರುವವರು ಎಪ್ಪತ್ತು ದಾಟಿದ ಅತ್ತೆ. 14.2 ಕಿಲೋ ಗ್ಯಾಸ್ ತುಂಬಿದ ಉಕ್ಕಿನ ಸಿಲಿಂಡರ್ ಒಟ್ಟು 30 ಕಿಲೋದಷ್ಟು ತೂಗುತ್ತದೆ. ಅದನ್ನು ಸರಿಸುವ ಶಕ್ತಿ ಅವರಿಗಿಲ್ಲ, ಗ್ಯಾಸ್ ಮುಗಿದರೆ ನಾವು ಬರುವವರೆಗೆ ಕಾಯುವ ಸ್ವಭಾವವೂ ಇಲ್ಲ! ಹಾಗಾಗಿ 10 ಕಿಲೋದ ಕಾಂಪೋಸಿಟ್ ಸಿಲಿಂಡರ್ ತಂದೆವು. ಇಂಡೇನ್ ಇದನ್ನು 2021ರಲ್ಲಿ ಬಿಡುಗಡೆ ಮಾಡಿತು. ತುಂಬ ಹಗುರ, ತುಕ್ಕಿಲ್ಲ, ಟೈಲ್ಸ್ ಮೇಲೆ ಕಲೆ ಬೀಳುವುದಿಲ್ಲ. ಬೆಳಕಿನಲ್ಲಿ ನೋಡಿದರೆ ಗ್ಯಾಸ್ ಎಷ್ಟು ಉಳಿದಿದೆಯೆಂದು ಹೊರಗಿನಿಂದಲೇ ಕಾಣುತ್ತದೆ. ಠೇವಣಿ ಹೆಚ್ಚು, ಬೇಗ ಬೇಗ ಬುಕ್ ಮಾಡಬೇಕು. ದೊಡ್ಡ ಸಂಸಾರಕ್ಕೆ ಉಕ್ಕಿನದೇ ಸರಿ ಎಂದು ನನಗನಿಸುತ್ತದೆ.

ಉಕ್ಕಿನದಾದರೆ ಹಿಡಿಯ ಪಟ್ಟಿಯ ಮೇಲಿನ ಅಕ್ಷರ ಓದಿ ಇಳಿಸಿಕೊಳ್ಳಿ. ವರ್ಷದ ನಾಲ್ಕು ತ್ರೈಮಾಸಿಕಗಳಿಗೆ ಎ, ಬಿ, ಸಿ, ಡಿ. ‘ಬಿ-28’ ಎಂದಿದ್ದರೆ 2028ರ ಜೂನ್ ಒಳಗೆ ಮರುಪರೀಕ್ಷೆ ಆಗಬೇಕು. ಅವಧಿ ದಾಟಿದ್ದರೆ ಹಿಂದಕ್ಕೆ ಕಳಿಸಿ, ಸಂಕೋಚ ಬೇಡ.

ಇನ್ನು ಜಾಗ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಮಾಡ್ಯುಲರ್ ಕಿಚನ್‌ನವರು ಚಂದಕ್ಕಾಗಿ ಕಟ್ಟೆಯ ಕೆಳಗೆ ಬಾಗಿಲು ಮುಚ್ಚಿಬಿಡುತ್ತಾರೆ. ಆ ಬಾಗಿಲಿನ ಕೆಳಭಾಗಕ್ಕೆ ಜಾಲರಿ ಹಾಕಿಸಿ. ಹೆಡಿಗೆಗೆ ಇದ್ದ ಸಂದು ಇಲ್ಲಿಯೂ ಬೇಕು. ಸಿಲಿಂಡರ್ ಯಾವಾಗಲೂ ನಿಂತೇ ಇರಲಿ. ಮಲಗಿಸಿದರೆ ಪೈಪಿಗೆ ದ್ರವವೇ ನುಗ್ಗಬಹುದು.

ಬದಲಾಪುರದವರಿಗೆ ಇನ್ನೊಂದು ಮಾತಿದೆ. 2019ರ ಜುಲೈಯಲ್ಲಿ ಉಲ್ಹಾಸ್ ನದಿ ಉಕ್ಕಿ, ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ವಾಂಗಣಿಯ ಬಳಿ ನೀರಲ್ಲಿ ನಿಂತದ್ದು ನೆನಪಿರಬಹುದು. ಉಕ್ಕಿನ ಸಿಲಿಂಡರ್‌ನ ಒಳಗಾತ್ರ 33 ಲೀಟರಿಗೂ ಸ್ವಲ್ಪ ಹೆಚ್ಚು, ತೂಕ 30 ಕಿಲೋ. ಲೆಕ್ಕ ಹಾಕಿ, ತುಂಬಿದ್ದೂ ತೇಲುತ್ತದೆ! ತೇಲಿದರೆ ಪೈಪು ಕಿತ್ತುಬರುತ್ತದೆ. ನೆಲಮಹಡಿಯವರು ನೀರು ಹೊಸಿಲು ಮುಟ್ಟುವ ಮೊದಲೇ ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ಸಿಲಿಂಡರನ್ನು ನಿಂತಂತೆಯೇ ಕಿಟಕಿಯ ಸರಳಿಗೆ ಕಟ್ಟಿ. ಆ ಮುಚ್ಚಳವನ್ನು ದಾರ ಸಮೇತ ಹಾಗೆಯೇ ಉಳಿಸಿಕೊಂಡಿರಬೇಕು. ನಮ್ಮಲ್ಲಿ ಮೊದಲು ಕಸಕ್ಕೆ ಹೋಗುವುದೇ ಅದು.

ಸೋರಿಕೆಯ ದೂರಿಗೆ 1906, ಹಗಲು ರಾತ್ರಿ ಸಿಗುತ್ತದೆ. ಫೋನನ್ನು ಮನೆಯ ಹೊರಗೆ ಬಂದು ಮಾಡಿ.