ಹುಳಿ ಹೊರಗೆ, ಉಪ್ಪು ಒಳಗೆ



ಮಂಗಳೂರಿನ ಮಣ್ಣಗುಡ್ಡದಲ್ಲಿರುವ ಮಂಗಳಾ ಕ್ರೀಡಾಂಗಣವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೆಲವರು ಅಲ್ಲಿ ಓಡಿಯೂ ಇರಬಹುದು. 400 ಮೀಟರ್ ಓಟವನ್ನು ನೆನಪಿಸಿಕೊಳ್ಳಿ. ಮೊದಲ ಅರ್ಧವನ್ನು ಗಾಳಿಯಂತೆ ಓಡಿದ ಹುಡುಗ ಕೊನೆಯ 100 ಮೀಟರಿನಲ್ಲಿ ಕಾಲೆತ್ತಲು ಒದ್ದಾಡುತ್ತಾನೆ. ಛಲ ಇದೆ, ಆದರೆ ಕಾಲು ಮಾತು ಕೇಳುವುದಿಲ್ಲ. ಇದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು, ಸ್ನಾಯುಕೋಶಗಳ ಒಳಗೆ ಹುಳಿ ಏರಿರುವುದು.

ಹುಳಿ ಎಂದರೆ ಇಲ್ಲಿ ಆಮ್ಲ. ಅಂದರೆ ಜಲಜನಕದ ಅಯಾನುಗಳು. ಇವುಗಳ ಪ್ರಮಾಣವನ್ನು ಅಳೆಯಲು ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಪಿಎಚ್ ಎಂಬ ಮಾನವನ್ನು ಕೊಟ್ಟರು. ಈ ಮಾನದಲ್ಲಿ ಅಂಕಿ ಒಂದು ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿತೆಂದು ಅರ್ಥ. ನಮ್ಮ ರಕ್ತದ ಪಿಎಚ್ ಸುಮಾರು 7.4, ಹೆಚ್ಚಿನ ಜೀವಕೋಶಗಳ ಒಳಗೆ ಸುಮಾರು 7.2. ಬಿರುಸಿನ ಓಟದಲ್ಲಿ ಸ್ನಾಯುವಿನ ಪಿಎಚ್ 7ರ ಆಸುಪಾಸಿನಿಂದ 6.5ರವರೆಗೂ ಇಳಿಯಬಹುದು. ಅರ್ಧ ಅಂಕಿ ತಾನೇ ಎನ್ನಬೇಡಿ. ಜಲಜನಕ ಅಯಾನುಗಳು ಮೂರು ಪಟ್ಟಾದವು ಎಂದಾಯಿತು. ಕೋಶದ ಕೆಲಸ ಮಾಡುವ ಕಿಣ್ವಗಳಿಗೆ ಇಷ್ಟು ಬದಲಾವಣೆಯೂ ಹಿಡಿಸುವುದಿಲ್ಲ.

ಈ ಆಮ್ಲ ಎಲ್ಲಿಂದ ಬರುತ್ತದೆ? ಕೋಶವು ಶಕ್ತಿಗಾಗಿ ಸಕ್ಕರೆಯನ್ನು ಒಡೆಯುವಾಗ ಹುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಸೇರಿದಾಗಲೂ ಹುಟ್ಟುತ್ತದೆ. ಇನ್ನೊಂದು ಕಾರಣವೂ ಇದೆ. ಹೊರಗಿಗೆ ಹೋಲಿಸಿದರೆ ಕೋಶದ ಒಳಭಾಗ ಋಣ ವಿದ್ಯುದಂಶವುಳ್ಳದ್ದು. ಧನ ವಿದ್ಯುದಂಶದ ಜಲಜನಕ ಅಯಾನುಗಳನ್ನು ಅದು ಒಳಗೆ ಸೆಳೆಯುತ್ತದೆ. ಈ ಸೆಳೆತ 60 ಮಿಲಿವೋಲ್ಟಿನಷ್ಟಿದ್ದು, ಅದನ್ನು ತಡೆಯುವವರೇ ಇಲ್ಲದಿದ್ದರೆ ಕೋಶದ ಪಿಎಚ್ 6.4ರ ಹತ್ತಿರಕ್ಕೆ ಕುಸಿಯುತ್ತಿತ್ತು. ಅದು 7.2ರಲ್ಲಿ ನಿಂತಿದೆ ಎಂದರೆ, ಸೋರುವ ದೋಣಿಯಿಂದ ನೀರು ಮೊಗೆಯುವಂತೆ ಯಾರೋ ಸದಾ ಆಮ್ಲವನ್ನು ಹೊರಗೆ ಹಾಕುತ್ತಿರಲೇಬೇಕು.

ಹಾಗೆ ಮೊಗೆಯುವವರಲ್ಲಿ ಪ್ರಮುಖವಾದುದು ಕೋಶಪೊರೆಯಲ್ಲಿ ನಾಟಿಕೊಂಡಿರುವ ಒಂದು ಪ್ರೋಟೀನು. ಅದು ಹೊರಗಿನಿಂದ ಒಂದು ಸೋಡಿಯಂ ಅಯಾನನ್ನು ಒಳಗೆ ಬಿಟ್ಟು, ಒಂದು ಜಲಜನಕ ಅಯಾನನ್ನು ಹೊರಗೆ ಕಳುಹಿಸುತ್ತದೆ. ಒಂದಕ್ಕೆ ಒಂದು, ಲೆಕ್ಕ ಚುಕ್ತಾ. 1976ರಲ್ಲಿ ಮುರೆರ್, ಹೋಫರ್ ಮತ್ತು ಕಿನ್ನೆ ಎಂಬ ವಿಜ್ಞಾನಿಗಳು ಇಲಿಯ ಕರುಳು ಹಾಗೂ ಮೂತ್ರಪಿಂಡದ ಪೊರೆಗಳಲ್ಲಿ ಈ ವಿನಿಮಯವನ್ನು ತೋರಿಸಿಕೊಟ್ಟರು. 1989ರಲ್ಲಿ ಫ್ರಾನ್ಸಿನ ಪೂಯಿಸೆಗೂರ್ ಮತ್ತು ಸಂಗಡಿಗರು ಮಾನವನಲ್ಲಿ ಇದರ ಜೀನ್ ಅನ್ನು ಗುರುತಿಸಿದರು.

ಈ ಕೆಲಸಕ್ಕೆ ಶಕ್ತಿ ಎಲ್ಲಿಂದ? ನಿಮ್ಮ ಮನೆಯ ಮಾಳಿಗೆಯ ನೀರಿನ ಟ್ಯಾಂಕನ್ನು ನೋಡಿ. ಪಂಪು ನೀರನ್ನು ಮೇಲಕ್ಕೆ ಏರಿಸುತ್ತದೆ. ನಲ್ಲಿ ತಿರುಗಿಸಿದಾಗ ನೀರು ತಾನಾಗಿ ಇಳಿಯುತ್ತದೆ. ಕೋಶದಲ್ಲಿ ಪಂಪಿನ ಕೆಲಸ ಮಾಡುವುದು ಬೇರೊಂದು ಪ್ರೋಟೀನು. ಅದು ಎಟಿಪಿಯನ್ನು ಖರ್ಚು ಮಾಡಿ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳತರುತ್ತದೆ. ಇದನ್ನು 1957ರಲ್ಲಿ ವರದಿ ಮಾಡಿದ ಡೆನ್ಮಾರ್ಕಿನ ಯೆನ್ಸ್ ಸ್ಕೌ 1997ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಈ ಪಂಪಿನ ದೆಸೆಯಿಂದ ಸೋಡಿಯಂ ಒಳಗಿಗಿಂತ ಹೊರಗೆ ಸುಮಾರು ಹತ್ತು ಪಟ್ಟು ಹೆಚ್ಚಿರುತ್ತದೆ. ಅದು ಒಳಗೆ ಇಳಿಯುವ ರಭಸದಲ್ಲೇ ಜಲಜನಕ ಅಯಾನು ಹೊರಬೀಳುತ್ತದೆ.

ನಲ್ಲಿ ತೆರೆದೇ ಇದ್ದರೆ? ಸೋಡಿಯಂನ ರಭಸವೊಂದೇ ಲೆಕ್ಕವಾಗಿದ್ದರೆ ಪಿಎಚ್ 8.4ರವರೆಗೂ ಏರಬಹುದಿತ್ತು. ಹಾಗಾಗುವುದಿಲ್ಲ. 1982ರಲ್ಲಿ ಪೀಟರ್ ಆರೊನ್‌ಸನ್ ಮತ್ತು ಸಂಗಡಿಗರು ಇದರ ಗುಟ್ಟನ್ನು ಬಿಡಿಸಿದರು. ಈ ಪ್ರೋಟೀನಿನ ಒಳಬದಿಯಲ್ಲಿ ಜಲಜನಕ ಅಯಾನು ಕೂರುವ ಪ್ರತ್ಯೇಕ ಜಾಗವಿದೆ. ಒಳಗೆ ಆಮ್ಲ ಏರಿದಾಗ ಅಲ್ಲಿ ಅಯಾನು ಕೂತು ಬಾಗಿಲು ಚುರುಕಾಗುತ್ತದೆ. ಆಮ್ಲ ಇಳಿದಾಗ ಬಾಗಿಲು ಬಹುಪಾಲು ಮುಚ್ಚುತ್ತದೆ. ಓಟಗಾರನ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಜೊತೆಗೆ ಜಲಜನಕ ಅಯಾನನ್ನು ಸಾಗಿಸುವ ಬೇರೆ ಪ್ರೋಟೀನುಗಳೂ ದುಡಿಯುತ್ತವೆ.

ಇದೇ ಬಾಗಿಲು ಒಮ್ಮೊಮ್ಮೆ ಅಪಾಯವನ್ನೂ ತರುತ್ತದೆ. ಹೃದಯಾಘಾತದಲ್ಲಿ ರಕ್ತ ನಿಂತ ಭಾಗದ ಕೋಶಗಳಲ್ಲಿ ಆಮ್ಲ ತುಂಬುತ್ತದೆ, ಎಟಿಪಿ ಮುಗಿಯುತ್ತ ಬರುತ್ತದೆ. ಸೋಡಿಯಂ ಒಳಗೆ ಬರುತ್ತಲೇ ಇರುತ್ತದೆ; ಹೊರಹಾಕಬೇಕಾದ ಪಂಪು ಸೋತಿರುತ್ತದೆ. ರಕ್ತ ಮರಳಿ ಹರಿದೊಡನೆ ವಿನಿಮಯದ ವೇಗ ಇನ್ನೂ ಹೆಚ್ಚುತ್ತದೆ. ಒಳಗೆ ತುಂಬಿದ ಸೋಡಿಯಂಗೆ ಬದಲಾಗಿ ಕ್ಯಾಲ್ಸಿಯಂ ನುಗ್ಗಿ ಕೋಶವನ್ನು ಹಾನಿಮಾಡುತ್ತದೆ. ಈ ಬಾಗಿಲನ್ನು ಮುಚ್ಚುವ ಕ್ಯಾರಿಪೊರೈಡ್ ಎಂಬ ಔಷಧವನ್ನು ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಹೃದಯಕ್ಕೆ ಆಗುವ ಹಾನಿ ಕಡಿಮೆಯಾಯಿತು, ಆದರೆ ಮಿದುಳಿನ ಆಘಾತಗಳಿಂದಾಗಿ ಸಾವು ಹೆಚ್ಚಿತು. ಔಷಧ ಬಳಕೆಗೆ ಬರಲಿಲ್ಲ. ಆದ್ದರಿಂದ ಎದೆನೋವು ಬಂದವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸುವುದು ಈಗಲೂ ಬಹು ಮುಖ್ಯ. ರಕ್ತ ನಿಂತಿರುವ ಹೊತ್ತು ಕಡಿಮೆಯಾದಷ್ಟೂ ಉಳಿಯುವ ಕೋಶಗಳು ಹೆಚ್ಚು.

ಸಸ್ಯಗಳಿಗೂ ಈ ವಿದ್ಯೆ ಗೊತ್ತು. ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ನದಿಯ ಅಳಿವೆಯ ಗಜನಿ ಭೂಮಿಯಲ್ಲಿ, ಉಪ್ಪುನೀರನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಉಪ್ಪನ್ನು ತಾಳಲು ಸಸ್ಯಕೋಶಗಳಿಗಿರುವ ಉಪಾಯಗಳಲ್ಲಿ ಒಂದು, ಒಳಗಿನ ರಸಕೋಶಕ್ಕೆ ಸೋಡಿಯಂ ತುಂಬಿ ಬದಲಿಗೆ ಜಲಜನಕ ಅಯಾನನ್ನು ಹೊರಗೆ ಬಿಡುವುದು. 1999ರಲ್ಲಿ ಬ್ಲೂಮ್‌ವಾಲ್ಡ್ ಮತ್ತು ಸಂಗಡಿಗರು ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಈ ಪ್ರೋಟೀನನ್ನು ಹೆಚ್ಚಿಸಿದಾಗ ಗಿಡ ಹೆಚ್ಚು ಉಪ್ಪನ್ನು ತಾಳಿಕೊಂಡಿತು.

ಕೊನೆಗೆ ಒಂದು ಮಾತು. ದೇಹದ ಹುಳಿಯನ್ನು ತೆಗೆಯುತ್ತದೆಂದು ಹೇಳಿ ಕ್ಷಾರೀಯ ನೀರನ್ನು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ಆ ನೀರು ಮೊದಲು ತಲುಪುವುದು ಪ್ರಬಲ ಆಮ್ಲವಿರುವ ಜಠರವನ್ನು. ಅಲ್ಲಿಂದ ಮುಂದೆ ರಕ್ತದ ಪಿಎಚ್ ಅನ್ನು 7.35ರಿಂದ 7.45ರ ನಡುವೆ ಕಾಯಲು ಶ್ವಾಸಕೋಶ ಮತ್ತು ಮೂತ್ರಪಿಂಡಗಳಿವೆ. ಕೋಶದ ಒಳಗನ್ನು ಕಾಯಲು ಈಗ ನೀವು ಪರಿಚಯ ಮಾಡಿಕೊಂಡ ಬಾಗಿಲುಗಳಿವೆ. ಆರೋಗ್ಯವಂತರಿಗೆ ಇಷ್ಟು ಕಾವಲು ಸಾಕು. ಮುಂದಿನ ಸಲ ಇಂಥ ಜಾಹೀರಾತು ಕಂಡಾಗ, ಪಿಎಚ್ ಬದಲಾಗುವುದು ಎಲ್ಲಿ, ಎಷ್ಟು ಎಂದು ಕೇಳಿ ನೋಡಿ.