‘ಟು ಮಿ ಫೀವರ್ ಕೇಮ್’ ಅಂದ ಹುಡುಗ ಮತ್ತು ನಕ್ಕ ಟೀಚರ್

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ ತುಂಬಿಲ್ಲ. ಊರಿನ ಹೆಸರು, ಮಕ್ಕಳ ಹೆಸರು ಹೇಳಲ್ಲ. ಯಾಕಂದ್ರೆ ಇವತ್ತಿನ ಕತೆಯಲ್ಲಿ ತಪ್ಪು ಮಾಡಿದವಳು ನಾನು, ಅದನ್ನ ಅನುಭವಿಸಿದವನು ಒಬ್ಬ ಹುಡುಗ.

ಜುಲೈ ತಿಂಗಳು. ಒಂಬತ್ತನೇ ತರಗತಿ, 52 ಮಕ್ಕಳು, ಬೆಳಗ್ಗೆ ಮೊದಲ ಪಿರಿಯಡ್. ಹಿಂದಿನ ದಿನ ಬಾರದೇ ಇದ್ದ ಒಬ್ಬ ಹುಡುಗನನ್ನ ಎಬ್ಬಿಸಿ ನಿಲ್ಲಿಸಿ, ‘ವೈ ಡಿಡ್ ಯು ನಾಟ್ ಕಮ್ ಯೆಸ್ಟರ್‌ಡೇ?’ ಅಂತ ಕೇಳಿದೆ. ಅವನು ಮೇಲೆ ನೋಡಿದ, ಕೆಳಗೆ ನೋಡಿದ, ಬೆರಳು ಮಡಚಿದ. ಆಮೇಲೆ ಒಂದೊಂದೇ ಪದ ಆರಿಸಿ ಇಟ್ಟ ಹಾಗೆ ಹೇಳಿದ: ‘ಟು ಮಿ... ಫೀವರ್... ಕೇಮ್, ಟೀಚರ್.’

ಮುಂದಿನ ಬೆಂಚಿನಲ್ಲಿ ಟ್ಯೂಷನ್‌ಗೆ ಹೋಗೋ ಇಬ್ಬರು ಕಿಸಕ್ ಅಂದ್ರು. ನನಗೂ ನಗು ಬಂತು. ತಡೆಯೋಕೆ ಆಗ್ಲಿಲ್ಲ ಅಂತ ಈಗ ಹೇಳಬಹುದು, ಆದ್ರೆ ತಡೆಯೋಕೆ ನೋಡ್ಲೂ ಇಲ್ಲ. ಟೀಚರೇ ನಕ್ಕ ಮೇಲೆ ಉಳಿದ ಐವತ್ತು ಜನ ಸುಮ್ನೆ ಇರ್ತಾರಾ? ಅವನು ಕೂತ. ನಾನು ‘ಐ ಹ್ಯಾಡ್ ಅ ಫೀವರ್’ ಅಂತ ಬೋರ್ಡ್ ಮೇಲೆ ಬರೆದು, ಪಾಠ ಮುಂದುವರಿಸಿದೆ.

ಮರುದಿನದಿಂದ ಹಾಜರಿ ಕರೆದಾಗ ಅವನಿಲ್ಲ. ಸತತ ಆರು ದಿನ ಗೈರು. ಜ್ವರ ಇನ್ನೂ ಬಿಟ್ಟಿಲ್ವೇನೋ ಅಂದ್ಕೊಂಡೆ. ಏಳನೇ ದಿನ ಬಿಸಿಯೂಟದ ಅಡುಗೆಯವರು ನನ್ನನ್ನ ಕರೆದು, ‘ಅಕ್ಕೋರ, ಆ ಹುಡುಗ ದಿನಾ ಅಡಗಿ ಮನಿ ಹಿಂದ ಕುಂತಿರ್ತಾನ್ರಿ. ನಿಮ್ಮ ಪಿರೇಡ್ ಮುಗದ ಮ್ಯಾಲೆ ಒಳಗ ಹೋಗ್ತಾನ’ ಅಂದ್ರು.

ಹೋಗಿ ನೋಡಿದ್ರೆ ನಿಜವೇ. ಬ್ಯಾಗ್ ತೊಡೆ ಮೇಲೆ ಇಟ್ಕೊಂಡು ಕಲ್ಲಿನ ಮೇಲೆ ಕೂತಿದ್ದ. ಬೈತೀನಿ ಅಂತ ಎದ್ದು ನಿಂತ. ಯಾಕೋ ಹೀಗೆ ಅಂತ ಕೇಳಿದ್ದಕ್ಕೆ, ‘ನನಗ ಇಂಗ್ಲಿಷ್ ಬರಂಗಿಲ್ರಿ ಟೀಚರ್. ಹತ್ತನೇ ಕ್ಲಾಸ್ ತನಕಾನೂ ಬ್ಯಾಡ ಅನಸ್ತೈತಿ. ಮಾಮಾನ ಗ್ಯಾರೇಜಿಗೆ ಹೋಗ್ತೀನ್ರಿ’ ಅಂದ.

ಒಂದು ನಗುವಿಗೆ ಇಷ್ಟು ದೊಡ್ಡ ಬೆಲೆ ಇರುತ್ತೆ ಅಂತ ನನಗೆ ಗೊತ್ತಿರಬೇಕಿತ್ತು. ನಾನು ಹಾಸನ ಕಡೆಯವಳು, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಕಾಲೇಜಿನಲ್ಲಿ ಮೊದಲ ಸೆಮಿನಾರ್‌ನಲ್ಲಿ ಸಾಲ ಅನ್ನೋ ಅರ್ಥದ ‘ಡೆಟ್’ ಪದವನ್ನ, ಅಕ್ಷರ ಇದೆಯಲ್ಲಾ ಅಂತ ನಂಬಿ ‘ಡೆಬ್ಟ್’ ಅಂತ ಓದಿದ್ದೆ. ಆ ನಗು ಇವತ್ತಿಗೂ ಕಿವಿಯಲ್ಲಿದೆ. ಮುಂದಿನ ಎರಡು ವರ್ಷ ತರಗತಿಯಲ್ಲಿ ನಾನಾಗಿ ಬಾಯಿ ಬಿಟ್ಟವಳಲ್ಲ. ಅಂಥವಳು ಬಿ.ಇಡಿ ಮಾಡಿ, ಸೀರೆ ಉಟ್ಟು, ಕೈಯಲ್ಲಿ ಚಾಕ್‌ಪೀಸ್ ಹಿಡಿದ ತಕ್ಷಣ ಬೆಂಚಿನ ಆ ಕಡೆಯನ್ನ ಮರೆತುಬಿಟ್ಟೆ.

ಅವತ್ತು ರಾತ್ರಿ ಅವನ ವಾಕ್ಯವನ್ನ ಒಂದು ಹಾಳೆ ಮೇಲೆ ಬರೆದು ನೋಡಿದೆ. ನನಗೆ, ಟು ಮಿ. ಜ್ವರ, ಫೀವರ್. ಬಂತು, ಕೇಮ್. ಎಲ್ಲಿದೆ ತಪ್ಪು? ನಾಲ್ಕನೇ ವಿಭಕ್ತಿಗೆ ‘ಟು’ ಅಂತ ಯಾರೋ ಹೇಳಿಕೊಟ್ಟಿದ್ದನ್ನ ನೆನಪಿಟ್ಟಿದ್ದಾನೆ. ‘ಕಮ್’ ಅನ್ನೋದರ ಭೂತಕಾಲ ‘ಕೇಮ್’ ಅಂತ ಗೊತ್ತಿದೆ, ‘ಕಮ್ಡ್’ ಅಂದಿಲ್ಲ. ಕನ್ನಡದ ಹಾಗೆ ಕ್ರಿಯಾಪದವನ್ನ ಕೊನೆಗೆ ಇಟ್ಟಿದ್ದಾನೆ. ಅವನು ಬಾಯಿಪಾಠ ಒಪ್ಪಿಸಲಿಲ್ಲ, ಅಲ್ಲೇ ನಿಂತು ಯೋಚನೆ ಮಾಡಿ ಒಂದು ವಾಕ್ಯ ಕಟ್ಟಿದ. ನನ್ನ ತರಗತಿಯಲ್ಲಿ ಆ ತಿಂಗಳು ಹಾಗೆ ಸ್ವಂತವಾಗಿ ವಾಕ್ಯ ಕಟ್ಟಿದವನು ಅವನೊಬ್ಬನೇ.

ಮರುದಿನ ಅವನನ್ನ ಒಳಗೆ ಕರ್ಕೊಂಡು ಬಂದು, ಎಲ್ಲರ ಮುಂದೆ ‘ನಾನು ನಕ್ಕಿದ್ದು ತಪ್ಪು’ ಅಂದೆ. ತರಗತಿ ಗಪ್‌ಚಿಪ್. ಟೀಚರ್ ಸಾರಿ ಕೇಳೋದನ್ನ ಅವರು ನೋಡಿರಲಿಲ್ಲ ಅನ್ಸುತ್ತೆ. ಆಮೇಲೆ ಬೋರ್ಡ್ ಮಧ್ಯಕ್ಕೆ ಗೆರೆ ಎಳೆದು ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಕನ್ನಡದಲ್ಲಿ ಜ್ವರ ಬರುತ್ತೆ, ನಿದ್ದೆ ಬರುತ್ತೆ, ಸಿಟ್ಟು ಬರುತ್ತೆ, ಹಸಿವು ಆಗುತ್ತೆ. ನೆಂಟರ ಹಾಗೆ ಎಲ್ಲ ಹೊರಗಿಂದ ನನ್ನ ಹತ್ರ ಬರ್ತವೆ, ನಾನು ಸುಮ್ನೆ ಇರ್ತೀನಿ. ಇಂಗ್ಲಿಷಿನಲ್ಲಿ ಹಾಗಲ್ಲ, ಮೊದಲ ಕುರ್ಚಿಯಲ್ಲಿ ‘ಐ’ ಕೂತಿರಬೇಕು. ಐ ಆಮ್ ಸ್ಲೀಪಿ. ಐ ಆಮ್ ಆಂಗ್ರಿ. ಐ ಆಮ್ ಹಂಗ್ರಿ. ಜ್ವರವನ್ನ ಮಾತ್ರ ಸಾಕಿದ ನಾಯಿ ಥರ ಇಟ್ಕೋತಾರೆ: ಐ ಹ್ಯಾವ್ ಅ ಫೀವರ್. ಹಿಂದಿನ ಬೆಂಚಿಂದ ಒಂದು ದನಿ: ‘ಇಂಗ್ಲಿಷ್ನೋರಿಗೆ ಜ್ವರ ಬರಂಗಿಲ್ಲೇನ್ರಿ ಟೀಚರ್, ಅವ್ರ ಹತ್ರ ಇದ್ದೇ ಇರ್ತೈತೇನು?’ ಈ ಸಲ ಎಲ್ಲರೂ ನಕ್ಕಿದ್ದು ಇಂಗ್ಲಿಷನ್ನ ನೋಡಿ. ಆ ಹುಡುಗನೂ ನಕ್ಕ.

ಇಂಗ್ಲಿಷ್ ಪಿರಿಯಡ್‌ನಲ್ಲಿ ಕನ್ನಡ ಯಾಕೆ ಅಂತ ಸಹೋದ್ಯೋಗಿಗಳು ಕೇಳ್ತಾರೆ. ನಾನೂ ಮೊದಲು ‘ಓನ್ಲಿ ಇಂಗ್ಲಿಷ್’ ಅಂತ ಬೋರ್ಡ್ ಮೂಲೆಯಲ್ಲಿ ಬರೆದಿದ್ದವಳೇ. ಆದ್ರೆ ನೋಡಿ, 2007-08ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯ. ಅಂದ್ರೆ ಒಂಬತ್ತಕ್ಕೆ ಬಂದ ಮಗು ಎಂಟು ವರ್ಷ ಇಂಗ್ಲಿಷ್ ಓದಿರುತ್ತೆ. ತಲೆ ಒಳಗೆ ಪದಗಳು ಇವೆ. ಹೊರಗೆ ಬರೋಕೆ ದಾರಿ ಇಲ್ಲ, ಬಾಗಿಲಲ್ಲಿ ನಾಚಿಕೆ ನಿಂತಿದೆ. ಅಷ್ಟಕ್ಕೂ ನಾನೇ ಅಲ್ಲಿ ಕನ್ನಡ ಕಲೀತಿದ್ದೆ! ಮೊದಲ ವಾರ ಒಬ್ಬಳು ‘ಟೀಚರ್, ಫ್ಯಾನ್ ಹಚ್ಚಲೇನ್ರಿ?’ ಅಂದಾಗ ನಾನು ಹೌಹಾರಿದ್ದೆ. ನಮ್ಮ ಕಡೆ ಹಚ್ಚೋದು ದೀಪ, ಇಲ್ಲಾಂದ್ರೆ ಬೆಂಕಿ. ಇಲ್ಲಿ ಫ್ಯಾನೂ ಹಚ್ತಾರೆ, ಫೋನೂ ಹಚ್ತಾರೆ. ಮಕ್ಕಳು ನನಗೆ ನಿಧಾನಕ್ಕೆ ಹೇಳಿಕೊಟ್ರು, ಯಾರೂ ನಗಲಿಲ್ಲ.

ಒಂದು ದಿನ ನನ್ನ ಫೋನನ್ನ ಮೇಜಿನ ಮೇಲಿಟ್ಟು ನನ್ನದೇ ಪಾಠ ರೆಕಾರ್ಡ್ ಮಾಡಿದೆ. ಟೀಚರ್ ಆಗಿರೋರು, ಆಗಬೇಕು ಅಂತಿರೋರು ಒಮ್ಮೆ ಇದನ್ನ ಮಾಡಿ. ಇಡೀ ಪಿರಿಯಡ್ ನಂದೇ ದನಿ. ಪ್ರಶ್ನೆ ಕೇಳ್ತೀನಿ, ಉಸಿರು ಬಿಡೋಷ್ಟರಲ್ಲಿ ಉತ್ತರಾನೂ ನಾನೇ ಹೇಳ್ತೀನಿ. ಅಮೆರಿಕದ ಮೇರಿ ಬಡ್ ರೋ ಅನ್ನೋ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದ್ರು. ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕಾಯ್ತಾರೆ, ಮೂರು ಸೆಕೆಂಡ್ ಕಾದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ. ನಾನೀಗ ಮನಸ್ಸಲ್ಲೇ ಐದರವರೆಗೆ ಎಣಿಸ್ತೀನಿ. ಮೊದಲು ಪಕ್ಕದವರಿಗೆ ಹೇಳಿ, ಆಮೇಲೆ ನನಗೆ ಅಂತೀನಿ. ಅಷ್ಟೇ ಬದಲಾವಣೆ, ಆದ್ರೆ ಕೈ ಎತ್ತೋರು ಜಾಸ್ತಿ ಆದ್ರು.

ಇನ್ನೊಂದು ವಿಷಯ, ಇದು ನಮ್ಮದೇ ನೆಲದ್ದು. ಎನ್.ಎಸ್. ಪ್ರಭು ಅಂತ ಒಬ್ಬರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಧಾರಣ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದ್ರು. ಜಗತ್ತು ಅದನ್ನ ‘ಬೆಂಗಳೂರು ಪ್ರಾಜೆಕ್ಟ್’ ಅಂತಲೇ ಕರೆಯುತ್ತೆ. ವ್ಯಾಕರಣ ಪಾಠ ಇಲ್ಲ. ಬದಲಿಗೆ ರೈಲಿನ ವೇಳಾಪಟ್ಟಿ, ನಕ್ಷೆ, ಇಂಥ ಬಿಡಿಸೋ ಲೆಕ್ಕಗಳು. ಮೊದಲು ಟೀಚರ್ ಇಡೀ ತರಗತಿ ಜೊತೆ ಒಂದನ್ನ ಬಿಡಿಸ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನ ಮಕ್ಕಳೇ ಬಿಡಿಸ್ಬೇಕು. ಗಮನ ಉತ್ತರದ ಮೇಲೆ ಇರುತ್ತೆ, ಭಾಷೆ ತಾನಾಗಿ ಬರುತ್ತೆ. 1987ರಲ್ಲಿ ಅವರು ಪುಸ್ತಕವನ್ನೂ ಬರೆದ್ರು. ಬಿ.ಇಡಿಯಲ್ಲಿ ನನಗೆ ಇದು ಒಂದು ಪ್ರಶ್ನೆಯಾಗಿತ್ತು ಅಷ್ಟೇ. ಉರು ಹೊಡೆದು ಬರೆದು ಮರೆತಿದ್ದೆ.

ಈಗ ಬೋರ್ಡ್ ಮೇಲೆ ನಾಲ್ಕು ಬಸ್ಸುಗಳ ವೇಳೆ ಬರೆದೆ. ಅಜ್ಜಿಯನ್ನ ಹನ್ನೊಂದು ಗಂಟೆಗೆ ಹುಬ್ಬಳ್ಳಿ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು, ಯಾವ ಬಸ್? ನನ್ನ ಲೆಕ್ಕದಲ್ಲಿ ಉತ್ತರ ಎರಡನೇ ಬಸ್. ಒಬ್ಬಳು ಎದ್ದು ನಿಂತು, ‘ನೋ ಟೀಚರ್. ದಟ್ ಬಸ್ ಫುಲ್ ರಶ್. ಗ್ರ್ಯಾಂಡ್‌ಮದರ್ ನೋ ಸೀಟ್. ಫಸ್ಟ್ ಬಸ್ ಗೋ’ ಅಂದ್ಲು. ಇನ್ನೊಬ್ಬ, ‘ಫಸ್ಟ್ ಬಸ್ ಮಾರ್ನಿಂಗ್ ಸಿಕ್ಸ್. ಗ್ರ್ಯಾಂಡ್‌ಮದರ್ ನೋ ಟೀ!’ ಅಂದ. ಜಗಳ ಶುರು. ಇಂಗ್ಲಿಷಿನಲ್ಲಿ ಜಗಳ! ವ್ಯಾಕರಣ ಹೇಗಿತ್ತು ಅಂತ ಕೇಳಬೇಡಿ. ಪಕ್ಕದ ಕ್ಲಾಸಿನ ಗಣಿತದ ಸರ್ ಬಂದು ಬಾಗಿಲಲ್ಲಿ ಇಣುಕಿ ನೋಡಿ ಹೋದ್ರು.

ಆಮೇಲೆ ಮನೆಯಲ್ಲಿರೋ ಇಂಗ್ಲಿಷ್ ತನ್ನಿ ಅಂದೆ. ಬಿಸ್ಕತ್ತಿನ ಕವರ್, ಶಾಂಪೂ ಪ್ಯಾಕೆಟ್, ಮಾತ್ರೆ ಸ್ಟ್ರಿಪ್ ಬಂದ್ವು. ಇದು ಹತ್ತಿ, ಮೆಣಸಿನಕಾಯಿ ಬೆಳೆಯೋ ಸೀಮೆ, ಹಾಗಾಗಿ ಕೀಟನಾಶಕದ ಬಾಟಲಿ ಎಲ್ಲರ ಮನೇಲೂ ಇರುತ್ತೆ. ಅದನ್ನ ಮಾತ್ರ ತರಬೇಡಿ, ಮುಟ್ಟಬೇಡಿ, ದೊಡ್ಡವರ ಹತ್ರ ಲೇಬಲ್ ಫೋಟೊ ತೆಗೆಸಿ ಅಂದೆ. ಆ ಲೇಬಲ್ ಮೇಲೆ ವಜ್ರದ ಆಕಾರದ ಒಂದು ಗುರುತು ಇರುತ್ತೆ, ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಅಂದ್ರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮೇಲಿನ ಅರ್ಧದಲ್ಲಿ ಕೆಂಪು, ಹಳದಿಗೆ ‘ಪಾಯ್ಸನ್’, ನೀಲಿಗೆ ‘ಡೇಂಜರ್’, ಹಸಿರಿಗೆ ‘ಕಾಷನ್’. ಮೂರು ಪದ, ಮೂರು ತೂಕ. ಒಬ್ಬಳು ಮೆಲ್ಲಗೆ, ‘ಹಸರ ಇದ್ರ ಏನೂ ಆಗಂಗಿಲ್ಲ ಅಂತ ಮಾಡಿದ್ವಿ ಟೀಚರ್. ನಮ್ಮಪ್ಪ ಬರಿಗೈಲೆ ಕಲಸ್ತಾನ್ರಿ’ ಅಂದ್ಲು. ‘ಕಾಷನ್’ ಅಂದ್ರೆ ಎಚ್ಚರಿಕೆ, ಪರವಾಗಿಲ್ಲ ಅಂತಲ್ಲ. ಅವತ್ತು ಸಂಜೆ ಆ ಮಕ್ಕಳು ಮನೆಯಲ್ಲಿ ಪಾಠ ಮಾಡಿದ್ರಂತೆ. ಆ ಅಪ್ಪ ಈಗ ಕೈಗವಸು ಹಾಕ್ತಾರಾ ಅಂತ ಕೇಳಿದೆ. ‘ಒಮ್ಮೊಮ್ಮೆ’ ಅಂದ್ಲು.

ಎಲ್ಲ ಬದಲಾಗಿದೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. 52ರಲ್ಲಿ ಹತ್ತು ಹನ್ನೆರಡು ಮಕ್ಕಳಿಗೆ ಇನ್ನೂ ಅಕ್ಷರ ಕೂಡಿಸಿ ಓದೋದೇ ಕಷ್ಟ, ಅವರಿಗೆ ಬಸ್ಸಿನ ಜಗಳದಿಂದ ಏನು ಸಿಕ್ತು ಅಂತ ಹೇಳೋಕೆ ನನ್ನ ಹತ್ರ ಉತ್ತರ ಇಲ್ಲ. ಪರೀಕ್ಷೆ ಹತ್ತಿರ ಬಂದಾಗ ನಾನೂ ಪತ್ರಲೇಖನ ಬಾಯಿಪಾಠ ಮಾಡಿಸ್ತೀನಿ, ಅಂಕ ಅವರಿಗೆ ಬೇಕಲ್ವಾ.

ಆ ಹುಡುಗನ ವಿಷಯ ಹೇಳಿ ಬಿಡ್ತೀನಿ. ಅವನು ತರಗತಿಗೆ ಬರ್ತಿದ್ದ, ಆದ್ರೆ ಎಲ್ಲರ ಮುಂದೆ ಮಾತಾಡ್ತಿರಲಿಲ್ಲ. ನಾನು ಒತ್ತಾಯ ಮಾಡ್ಲಿಲ್ಲ. ಮನೆಯಲ್ಲಿ ಫೋನ್ ಇದ್ರೆ ಅಮ್ಮನ ನಂಬರಿಂದ ಇಪ್ಪತ್ತು ಸೆಕೆಂಡಿನ ವಾಯ್ಸ್ ನೋಟ್ ಕಳಿಸಿ, ನಾನೊಬ್ಬಳೇ ಕೇಳ್ತೀನಿ ಅಂತ ಇಡೀ ತರಗತಿಗೆ ಹೇಳಿದ್ದೆ. ಅವನಿಂದ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಈ ಫೆಬ್ರವರಿಯ ಒಂದು ರಾತ್ರಿ ಒಂಬತ್ತಕ್ಕೆ ಬಂತು. ಹಿಂದೆ ಪಾತ್ರೆ ಸದ್ದು, ಯಾರೋ ಅವನನ್ನ ಕೂಗ್ತಿದ್ದಾರೆ. ‘ಟೀಚರ್, ಟುಮಾರೋ ಐ ನಾಟ್ ಕಮಿಂಗ್. ಮೈ ಅಕ್ಕ ಮ್ಯಾರೇಜ್.’

ತಿದ್ದಲಾ ಬೇಡವಾ ಅಂತ ಎರಡು ನಿಮಿಷ ಫೋನ್ ಹಿಡ್ಕೊಂಡು ಕೂತೆ. ಆಮೇಲೆ ನಾನೂ ವಾಯ್ಸ್ ನೋಟ್ ಕಳಿಸಿದೆ: ‘ಓ, ಯು ಆರ್ ನಾಟ್ ಕಮಿಂಗ್ ಟುಮಾರೋ. ಓಕೆ. ವೆನ್ ಆರ್ ಯು ಕಮಿಂಗ್ ಬ್ಯಾಕ್?’

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ‘ಐ... ಆಮ್ ಕಮಿಂಗ್ ಮಂಡೇ, ಟೀಚರ್.’

ಸೋಮವಾರ ಬಂದ. ಮೊದಲ ಪಿರಿಯಡ್‌ಗೇ, ಕೈಯಲ್ಲಿ ಪೇಪರ್ ಪೊಟ್ಟಣ. ಬುಂದಿ ಲಾಡು, ಸ್ವಲ್ಪ ಪುಡಿಯಾಗಿತ್ತು.