24 ಚದರಡಿ ಯುಟಿಲಿಟಿ, 10 ಸಾವಿರದೊಳಗೆ ಅಚ್ಚುಕಟ್ಟು



ಮನೆ ಅಂದ್ರೆ ನಾವು ಹಾಲ್ ಬಗ್ಗೆ ಮಾತಾಡ್ತೀವಿ, ಅಡುಗೆಮನೆ ಬಗ್ಗೆ ಮಾತಾಡ್ತೀವಿ, ದೇವರ ಮನೆ ಯಾವ ದಿಕ್ಕಿಗಿರಬೇಕು ಅಂತ ವಾದ ಮಾಡ್ತೀವಿ. ಆದ್ರೆ ನೆಂಟರು ಬಂದ ತಕ್ಷಣ ನಾವು ಬಾಗಿಲು ಹಾಕೋ ಜಾಗ ಒಂದಿದೆ. ಅದೇ ಯುಟಿಲಿಟಿ. ಇವತ್ತು ಅದರ ಬಗ್ಗೆ ಮಾತಾಡೋಣ.

ಮೊದಲು ಊರ ಮನೆಗಳಲ್ಲಿ ಹಿತ್ತಲು ಇರ್ತಿತ್ತು. ಬಟ್ಟೆ ಒಗೆಯೋ ಕಲ್ಲು ಒಂದು ಕಡೆ, ನೀರಿನ ತೊಟ್ಟಿ ಇನ್ನೊಂದು ಕಡೆ, ಬಟ್ಟೆ ಹರವೋ ತಂತಿ ಬಿಸಿಲಿರೋ ಕಡೆ. ಬೆಂಗಳೂರಿನಂಥ ಊರಲ್ಲಿ ಫ್ಲ್ಯಾಟ್‌ಗೆ ಬಂದಮೇಲೆ ಆ ಇಡೀ ಹಿತ್ತಲು ಅಡುಗೆಮನೆ ಹಿಂದಿನ ಒಂದು ಸಣ್ಣ ಜಾಗಕ್ಕೆ ಬಂದು ಕೂತಿದೆ. ನಮ್ಮ ಬಾಡಿಗೆ ಮನೆಯಲ್ಲಿ ಅದು ನಾಲ್ಕಡಿ ಅಗಲ, ಆರಡಿ ಉದ್ದ. ಅಂದ್ರೆ 24 ಚದರಡಿ. ಅದರೊಳಗೆ ವಾಷಿಂಗ್ ಮಷಿನ್, ಪಾತ್ರೆ ತೊಳೆಯೋ ಸಿಂಕ್, ಗ್ಯಾಸ್ ಸಿಲಿಂಡರ್, ಪೊರಕೆ, ಬಕೆಟ್, ಫಿನಾಯಿಲ್, ಹಳೇ ಪೇಪರ್, ಎಲ್ಲಾ ಇರಬೇಕು.

ಇದನ್ನ ಸರಿ ಮಾಡೋಣ ಅಂತ ಹೊರಟಾಗ ಮೊದಲು ಒಬ್ಬ ಬಡಗಿಯನ್ನ ಕೇಳಿದ್ವಿ. ಗೋಡೆಗೆ ಕಬೋರ್ಡ್ ಮಾಡಿಸೋಕೆ 28 ಸಾವಿರ ಅಂದ್ರು. ಬಾಡಿಗೆ ಮನೆಗೆ ಅಷ್ಟು ದುಡ್ಡು ಯಾರು ಹಾಕ್ತಾರೆ? ಮನೆಯಲ್ಲಿ 10 ಸಾವಿರದ ಮಿತಿ ಹಾಕ್ಕೊಂಡ್ವಿ. ನಾನು ಗೋಡೆಗೆ ಯಾವ ಬಣ್ಣ ಅಂತ ಯೋಚಿಸ್ತಿದ್ದೆ. ಆಗ ನಮ್ಮತ್ತೆ ಹೇಳಿದ್ರು: 'ಬಣ್ಣ ಇರ್ಲಿ ಬಿಡಮ್ಮ, ಮೊದಲು ಕಾಲಡಿ ನೀರು ನಿಲ್ಲದ ಹಾಗೆ ಮಾಡ್ಸು.' ಅವರಿಗೆ 68 ವರ್ಷ, ಮಂಡಿನೋವು. ದಿನಾ ಅಲ್ಲಿ ನಿಲ್ಲೋದು ಅವರು, ಮತ್ತೆ ಬೆಳಿಗ್ಗೆ ಕೆಲಸಕ್ಕೆ ಬರೋ ಅಕ್ಕ.

ಇವತ್ತು ನಾನು ಹೇಳಬೇಕು ಅಂತಿರೋದೂ ಅದನ್ನೇ. ಯುಟಿಲಿಟಿ ಅಂದ್ರೆ ನೀರು, ಕರೆಂಟು, ಗ್ಯಾಸ್ ಮೂರೂ ಒಂದೇ ಮೂಲೆಯಲ್ಲಿ ಸೇರೋ ಜಾಗ. ಮನೆಯ ಬೇರೆ ಯಾವ ಕೋಣೆಯಲ್ಲೂ ಇವು ಇಷ್ಟು ಹತ್ತಿರ ಇರಲ್ಲ. ಹಾಗಾಗಿ ಕಡಿಮೆ ದುಡ್ಡಿದ್ರೆ ಮೊದಲು ಈ ಮೂರನ್ನ ಬೇರೆ ಬೇರೆ ಮಾಡಬೇಕು. ಚೆಂದ ಆಮೇಲೆ.

ಮೊದಲನೆಯದು ನೀರು. ನಮ್ಮದು ಟಾಪ್ ಲೋಡ್ ಮಷಿನ್, ಒಳಗೆ ಡ್ರೈನ್ ಪಂಪ್ ಇಲ್ಲ. ಇಂಥ ಮಷಿನ್ನಿನ ನೀರು ತಾನಾಗೇ ಕೆಳಕ್ಕೆ ಹರಿದು ಹೋಗಬೇಕು. ಪೈಪನ್ನ ಮೇಲಕ್ಕೆತ್ತಿ ಸಿಂಕಿಗೆ ಬಿಟ್ರೆ ನೀರು ಒಳಗೇ ನಿಲ್ಲುತ್ತೆ. ನೆಲದ ಮೇಲೆ ಸುಮ್ಮನೆ ಬಿಟ್ರೆ ಯುಟಿಲಿಟಿ ತುಂಬಾ ಸೋಪಿನ ನೀರು. ಪ್ಲಂಬರ್ ಬಂದು ಪೈಪನ್ನ ನೇರವಾಗಿ ನೆಲದ ಜಾಲಿಯೊಳಗೆ ಕೂರಿಸಿದ್ರು, ಮಷಿನ್‌ಗೆ ಪ್ರತ್ಯೇಕ ನಲ್ಲಿ ಹಾಕಿದ್ರು. ಒಟ್ಟು 1,200 ರೂಪಾಯಿ. ಬಟ್ಟೆ ಒಗೆದಾದ ಮೇಲೆ ಆ ನಲ್ಲಿ ನಿಲ್ಲಿಸೋದು ಒಳ್ಳೇ ಅಭ್ಯಾಸ. ಪೈಪ್ ಕಳಚಿಕೊಂಡ್ರೂ ಮನೆಯೊಳಗೆ ನೀರು ನುಗ್ಗಲ್ಲ.

ಹೊಸ ಮಷಿನ್ ಕೊಳ್ಳೋರಿಗೆ ಒಂದು ಮಾತು. ಫ್ರಂಟ್ ಲೋಡ್ ಮಷಿನ್‌ಗಳಿಗೆ ನೀರಿನ ಒತ್ತಡ ಇಂತಿಷ್ಟು ಇರಲೇಬೇಕು ಅಂತ ಇರುತ್ತೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ಮೇಲಿನ ಮಹಡಿಯಲ್ಲಿ, ಟ್ಯಾಂಕಿನ ಕೆಳಗೇ ಮನೆ ಇರೋರಿಗೆ ಒತ್ತಡ ಕಡಿಮೆ ಬರುತ್ತೆ. ಮಷಿನ್ನಿನ ಪುಸ್ತಕದಲ್ಲಿ ಎಷ್ಟು ಬರೆದಿದೆ ಅಂತ ನೋಡಿಯೇ ತಗೊಳ್ಳಿ. ಬೋರ್‌ವೆಲ್ ನೀರಿನವರು ಇನ್ನೊಂದು ಗಮನಿಸಬೇಕು. ಆ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇದ್ರೆ ನೊರೆ ಬರಲ್ಲ, ನಲ್ಲಿ ಪೈಪಿನ ಬಾಯಲ್ಲಿರೋ ಸಣ್ಣ ಜರಡಿ ಬಿಳಿ ಪುಡಿಯಿಂದ ಕಟ್ಟಿಕೊಳ್ಳುತ್ತೆ. ತಿಂಗಳಿಗೊಂದು ಸಲ ಅದನ್ನ ಬಿಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದ್ರೆ ಸಾಕು. ಖರ್ಚಿಲ್ಲ.

ಎರಡನೆಯದು ಕರೆಂಟು. ನಾವು ಬಾಡಿಗೆಗೆ ಬಂದಾಗ ಯುಟಿಲಿಟಿಯಲ್ಲಿ ಒಂದೇ ಸಾಕೆಟ್, ಅದೂ ಸಿಂಕಿನ ಪಕ್ಕದಲ್ಲೇ. ಎಲೆಕ್ಟ್ರಿಷಿಯನ್ ಅದನ್ನ ಎದುರು ಗೋಡೆಗೆ, ಎದೆಯ ಎತ್ತರಕ್ಕೆ ತಂದ್ರು. 16 ಆಂಪಿಯರ್ ಸಾಕೆಟ್, ನೀರು ಸಿಡಿಯದ ಹಾಗೆ ಮೇಲೊಂದು ಮುಚ್ಚಳ, ಅರ್ಥಿಂಗ್ ಸರಿಯಿದೆಯಾ ಅಂತ ಪರೀಕ್ಷೆ, ಎಲ್ಲಾ ಸೇರಿ 1,800 ರೂಪಾಯಿ.

ಇಲ್ಲೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಎಂಸಿಬಿ ಇದೆ, ಹಾಗಾಗಿ ಶಾಕ್ ಹೊಡೆಯಲ್ಲ ಅಂದ್ಕೊಳ್ತಾರೆ. ಎಂಸಿಬಿ ಬೀಳೋದು ಲೋಡ್ ಜಾಸ್ತಿಯಾದಾಗ, ಇಲ್ಲ ಶಾರ್ಟ್ ಆದಾಗ. ಮನುಷ್ಯರನ್ನ ಶಾಕ್‌ನಿಂದ ಕಾಪಾಡೋಕೆ ಇರೋದು ಆರ್‌ಸಿಸಿಬಿ. ಮನೆಗಳಿಗೆ ಹಾಕೋ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಷ್ಟು ಕರೆಂಟು ಸೋರಿದ ಕ್ಷಣದಲ್ಲೇ ಲೈನ್ ಕತ್ತರಿಸುತ್ತೆ. ಅದರ ಮೇಲೆ 'ಟಿ' ಅಂತ ಒಂದು ಬಟನ್ ಇರುತ್ತೆ. ಆಗಾಗ ಒತ್ತಿ ನೋಡಿ. ಬಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ನಮ್ಮನೆಯಲ್ಲಿ ಅದು ಇರಲಿಲ್ಲ. ಮನೆ ಮಾಲೀಕರ ಹತ್ತಿರ ಮಾತಾಡಿದ್ವಿ. 'ವೈರಿಂಗ್ ನಿಮ್ಮದು ಸಾರ್, ನಾವು ಹೋದಮೇಲೂ ಮನೆಗೇ ಇರುತ್ತೆ' ಅಂದೆ. ಅವರೇ ಹಾಕಿಸಿಕೊಟ್ರು. ಬಾಡಿಗೆದಾರರು ಕೇಳೋಕೆ ಸಂಕೋಚ ಪಡಬೇಡಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಮಷಿನ್ ಓಡಿಸೋದು ಮಾತ್ರ ಬೇಡವೇ ಬೇಡ. ಅರ್ಥಿಂಗ್ ತಂತಿ ಅಲ್ಲಿಗೇ ಕಡಿದ ಹಾಗೆ.

ಮೂರನೆಯದು ಗ್ಯಾಸ್ ಮತ್ತೆ ಗಾಳಿ. ನಮ್ಮ ಯುಟಿಲಿಟಿಯ ಹೊರಗೋಡೆಗೆ ನೆಲದಿಂದಲೇ ಸಿಮೆಂಟಿನ ಜಾಲಂಧ್ರ ಇದೆ. ಮಳೆ ಎರಚಲು, ಪಾರಿವಾಳದ ಕಾಟ, ಸೊಳ್ಳೆ. ಅಕ್ಕಪಕ್ಕದ ಮನೆಯವರು ಇಂಥ ಜಾಲಂಧ್ರಕ್ಕೆ ಶೀಟು ಹೊಡೆಸಿ, ಇಲ್ಲ ಗಾಜಿನ ಕಿಟಕಿ ಕೂರಿಸಿ ಪೂರ್ತಿ ಮುಚ್ಚಿದ್ದಾರೆ. ನೋಡೋಕೆ ಅದು ಕೋಣೆ ಥರ ಆಗುತ್ತೆ, ನಿಜ. ಆದ್ರೆ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದ್ರೆ ಮೇಲಕ್ಕೆ ಹೋಗಲ್ಲ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತೆ. ಕೆಳಗಿನ ಕಿಂಡಿ ಮುಚ್ಚಿದ್ರೆ ಅದಕ್ಕೆ ಹೋಗೋಕೆ ದಾರಿಯೇ ಇಲ್ಲ. ಪಕ್ಕದಲ್ಲೇ ಮಷಿನ್ನಿನ ಸ್ವಿಚ್ ಇದ್ರೆ ಒಂದು ಕಿಡಿ ಸಾಕು.

ನಾವು ಜಾಲಂಧ್ರಕ್ಕೆ ಬರೀ ಜಾಲರಿ ಹಾಕಿಸಿದ್ವಿ, 700 ರೂಪಾಯಿ. ಪಾರಿವಾಳ ಬರಲ್ಲ, ಗಾಳಿ ಬರುತ್ತೆ. ಸಿಲಿಂಡರನ್ನ ಸಾಕೆಟ್‌ನಿಂದ ದೂರ, ಜಾಲಂಧ್ರದ ಪಕ್ಕದ ಮೂಲೆಗೆ ನೆಟ್ಟಗೆ ನಿಲ್ಲಿಸಿದ್ವಿ. ಗ್ಯಾಸ್ ಪೈಪಿನ ಮೇಲಿನ ದಿನಾಂಕ ನೋಡಿ. ಐದು ವರ್ಷ ಆಗಿದ್ರೆ ಬದಲಾಯಿಸಿ. ವಾಸನೆ ಬಂದ್ರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕೋದೂ ಬೇಡ, ಆರಿಸೋದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆಗೆದಿಟ್ಟು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೇ ಇರೋ ಸಹಾಯವಾಣಿ.

ಯುಟಿಲಿಟಿಯಲ್ಲಿ ಗ್ಯಾಸ್ ಗೀಸರ್ ಇಟ್ಟಿರೋರಂತೂ ಆ ಜಾಗ ಮುಚ್ಚಲೇಬಾರದು. ಗಾಳಿ ಸಾಲದೆ ಗ್ಯಾಸ್ ಉರಿದ್ರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ತಲೆಸುತ್ತು ಅನ್ನೋಷ್ಟರಲ್ಲಿ ಎದ್ದು ಬರೋ ಶಕ್ತಿಯೇ ಇರಲ್ಲ. ನಮ್ಮ ರಾಜ್ಯದಲ್ಲಿ ಹೀಗೆ ಜೀವ ಹೋದ ಸುದ್ದಿಗಳನ್ನ ನೀವೂ ಓದಿರ್ತೀರಿ.

ಇಷ್ಟು ಮುಗಿದ ಮೇಲೆ ಸಾಮಾನು ಜೋಡಿಸೋ ಮಾತು. ಮಷಿನ್ ಕೆಳಗೆ ಒರೆಸೋಕೆ ಆಗಲಿ ಅಂತ 900 ರೂಪಾಯಿಗೆ ಸ್ಟ್ಯಾಂಡ್ ತಂದ್ವಿ. ಗಾಲಿ ಇರೋದು ಬೇಡ ಅಂದ್ವಿ, ಸ್ಪಿನ್ ಆಗುವಾಗ ಅಲುಗಾಡುತ್ತೆ. ಎತ್ತರ ಮೂರೇ ಇಂಚು. ಅದಕ್ಕಿಂತ ಜಾಸ್ತಿಯಾದ್ರೆ ಅತ್ತೆಗೆ ಟಬ್ಬಿನ ತಳ ಎಟುಕಲ್ಲ. ಮೂಲೆಗೆ ತೂತಿನ ಆ್ಯಂಗಲ್ ಜೋಡಿಸಿದ ಕಬ್ಬಿಣದ ರ‍್ಯಾಕ್, 2,400 ರೂಪಾಯಿ. ಗೋಡೆ ಕೊರೆಯೋ ಹಾಗಿಲ್ಲ, ಮನೆ ಬಿಡುವಾಗ ಬಿಚ್ಚಿ ತಗೊಂಡು ಹೋಗಬಹುದು. ಮಷಿನ್ನಿನ ಮೇಲೆ ಶೆಲ್ಫ್ ಹಾಕಿಸೋರು ಮುಚ್ಚಳ ಪೂರ್ತಿ ತೆಗೆದು, ಅದರ ತುದಿಯಿಂದ ಮೇಲಕ್ಕೆ ಅಳತೆ ತಗೊಳ್ಳಿ.

ರ‍್ಯಾಕಿನಲ್ಲಿ ಏನು ಎಲ್ಲಿ? ದಿನಾ ಬೇಕಾಗೋ ಸೋಪಿನ ಪುಡಿ ಸೊಂಟಕ್ಕೂ ಭುಜಕ್ಕೂ ನಡುವೆ. ಭಾರದ ಬಕೆಟ್ ಕೆಳಗೆ. ಆ್ಯಸಿಡ್ ಮತ್ತೆ ಬ್ಲೀಚಿಂಗ್ ಪೌಡರ್ ಒಂದೇ ಕಡೆ ಇಡಬೇಡಿ. ಎರಡೂ ಬೆರೆತ್ರೆ ಕ್ಲೋರಿನ್ ಅನಿಲ ಬರುತ್ತೆ, ಉಸಿರಾಟಕ್ಕೆ ಅಪಾಯ. ನಾವು ಬ್ಲೀಚಿಂಗ್ ಪೌಡರನ್ನ ಮೇಲಿನ ಅಟ್ಟಣೆಯಲ್ಲಿ ಮುಚ್ಚಿದ ಡಬ್ಬದಲ್ಲಿಟ್ಟು, ಆ್ಯಸಿಡನ್ನ ಬಾತ್‌ರೂಮಿನ ಎತ್ತರದ ಗೂಡಿಗೆ ಸಾಗಿಸಿದ್ವಿ. ಫಿನಾಯಿಲನ್ನ ಯಾವತ್ತೂ ನೀರಿನ ಬಾಟಲಿಗೆ, ಜ್ಯೂಸಿನ ಬಾಟಲಿಗೆ ಸುರಿದಿಡಬೇಡಿ. ಮಕ್ಕಳಿಗೆ ಬಾಟಲಿ ಗೊತ್ತು, ಒಳಗಿರೋದು ಗೊತ್ತಿಲ್ಲ. ಡಬ್ಬ, ಬುಟ್ಟಿ, ಪೊರಕೆ ನೇತು ಹಾಕೋ ಕೊಕ್ಕೆ ಎಲ್ಲಾ ಸೇರಿ 600 ರೂಪಾಯಿ.

ಕೊನೆಯದು ಬಟ್ಟೆ ಒಣಗಿಸೋದು. ಆರು ಕೆ.ಜಿ. ಬಟ್ಟೆ ಒಗೆದು ಸ್ಪಿನ್ ಮಾಡಿದ ಮೇಲೂ ಅದರಲ್ಲಿ ಮೂರು ಲೀಟರಿಗಿಂತ ಜಾಸ್ತಿ ನೀರು ಉಳಿದಿರುತ್ತೆ. ಮಳೆಗಾಲ ಅಂತ ಹಾಲ್‌ನಲ್ಲಿ, ರೂಮಿನಲ್ಲಿ ಹರವಿದ್ರೆ ಅಷ್ಟೂ ನೀರು ಮನೆಯ ಗಾಳಿಗೆ ಸೇರುತ್ತೆ. ಆಮೇಲೆ ಗೋಡೆಗೆ ಬೂಷ್ಟು, ಬಟ್ಟೆಗೆ ಮುಗ್ಗಲು ವಾಸನೆ. ಹಾಗಾಗಿ ಯುಟಿಲಿಟಿ ಸೀಲಿಂಗಿಗೆ ಹಗ್ಗ ಎಳೆದು ಇಳಿಸೋ ಹ್ಯಾಂಗರ್ ಹಾಕಿಸಿದ್ವಿ. ಕೂಲಿ ಸೇರಿ 2,100. ಮಾಲೀಕರು ಒಪ್ಪಿದ ಮೇಲೇ ಕೊರೆಸಿದ್ದು. ಪ್ರತಿ ಕೋಲೂ ಬೇರೆ ಬೇರೆಯಾಗಿ ಇಳಿಯುತ್ತೆ, ಕೈ ಮೇಲೆತ್ತಬೇಕಿಲ್ಲ. ಒಂದು ಕೋಲು ಬಿಟ್ಟು ಒಂದು ಕೋಲಿಗೆ ಹರವಿ, ನಡುವೆ ಗಾಳಿ ಆಡಲಿ. ಜಾಲಂಧ್ರ ಮುಚ್ಚದೆ ಇದ್ದದ್ದು ಇಲ್ಲೂ ಉಪಯೋಗಕ್ಕೆ ಬಂತು.

ಒಟ್ಟು ಲೆಕ್ಕ 9,700 ರೂಪಾಯಿ. ಗೋಡೆಯ ಬಣ್ಣ ಹಳೆಯದೇ, ಟೈಲ್ಸ್ ಹಳೆಯದೇ. ಫೋಟೊ ತೆಗೆದು ಹಾಕಿದ್ರೆ ಯಾರೂ ಲೈಕ್ ಒತ್ತಲ್ಲ. ಆದ್ರೆ ನೆಲ ಒಣಗಿರುತ್ತೆ. ಅಕ್ಕ ಈಗ ಚಪ್ಪಲಿ ಹಾಕದೇ ಮಷಿನ್ ಸ್ವಿಚ್ ಹಾಕೋಕೆ ಹೆದರಲ್ಲ. ನಾನು ಮಾತ್ರ 'ಚಪ್ಪಲಿ ಹಾಕ್ಕೊಳ್ಳಿ ಅಕ್ಕ' ಅಂತ ಇನ್ನೂ ಹೇಳ್ತಾನೇ ಇದ್ದೀನಿ.

ನಿಮ್ಮ ಮನೆಯಲ್ಲಿ ಈ ಕೆಲಸ ಶುರು ಮಾಡೋ ಮೊದಲು ಅಂಗಡಿಗೆ ಹೋಗಬೇಡಿ. ಮಷಿನ್ ಓಡುವಾಗ ಹತ್ತು ನಿಮಿಷ ಅಲ್ಲೇ ನಿಂತು ನೋಡಿ. ನೀರು ಎಲ್ಲಿ ನಿಲ್ಲುತ್ತೆ? ಸ್ವಿಚ್ ಎಷ್ಟು ದೂರ ಇದೆ? ಸಿಲಿಂಡರ್ ಪಕ್ಕ ಗಾಳಿ ಆಡುತ್ತಾ? ಅಲ್ಲಿ ದಿನಾ ಕೆಲಸ ಮಾಡೋರು ಯಾರು, ಅವರಿಗೆ ಏನು ಎಟುಕಲ್ಲ? ಕೊನೇ ಪ್ರಶ್ನೆಗೆ ಉತ್ತರ ನೀವೇ ಊಹಿಸಬೇಡಿ, ಅವರನ್ನೇ ಕೇಳಿ.